ಹಳೆ ಕಾರಿನ ಎಂಜಿನ್ ಕೆಲಸ: ಗಾಡಿಯ ಹೆಸರು ಹೇಳಿದರೆ ಸಾಲದು

ಕಡೂರಿನಿಂದ ಬೀರೂರು ದಾಟಿ ತರೀಕೆರೆ ಕಡೆ ಹೋಗುವ ಹೆದ್ದಾರಿಯಲ್ಲಿ ಬೆಳಗ್ಗೆ ಅರ್ಧ ಗಂಟೆ ನಿಂತು ನೋಡಿ. ತೆಂಗಿನಕಾಯಿ ಮೂಟೆ ಹೇರಿಕೊಂಡ ಓಮ್ನಿ, ಲಿಂಗದಹಳ್ಳಿ ಕಡೆಯ ತೋಟಕ್ಕೆ ಆಳುಗಳನ್ನು ಕರೆದೊಯ್ಯುವ ಮಹೀಂದ್ರ ಜೀಪು, ಅಜ್ಜಂಪುರದಿಂದ ಈರುಳ್ಳಿ ರೇಟು ಕೇಳಲು ಹೊರಟವರ ಮಾರುತಿ 800, ಅಪರೂಪಕ್ಕೊಂದು ಅಂಬಾಸಿಡರ್ ಕಣ್ಣಿಗೆ ಬೀಳುತ್ತವೆ. ಮಾರುತಿ 800 ಮತ್ತು ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ, ಓಮ್ನಿ ನಿಂತದ್ದು 2019ರಲ್ಲಿ. ಗಾಡಿ ಬರುವುದು ನಿಂತರೂ ಪಾರ್ಟು ಬರುವುದು ನಿಂತಿಲ್ಲ. ಶಿವಮೊಗ್ಗ, ದಾವಣಗೆರೆ, ಕೊನೆಗೆ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಿದರೆ ಬೇಕಾದ್ದು ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದು ನಮ್ಮ ಎಂಜಿನ್‌ಗೆ ಹೊಂದುತ್ತದೆಯೇ ಎಂಬಲ್ಲೇ ಜನ ಎಡವುವುದು.

ನಾನೂ ಎಡವಿದವನೇ. ನಮ್ಮ ತಂದೆ ಕೊಂಡಿದ್ದ 800 ಹೊಗೆ ಉಗುಳಲು ಶುರು ಮಾಡಿದಾಗ ಎಂಜಿನ್ ಇಳಿಸಿ, ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲ ಹಾಕಿಸಿದೆ. ನಾಲ್ಕೇ ತಿಂಗಳಿಗೆ ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದರೆ ಒಳಗಿನಿಂದ ಟಕಟಕ ಸದ್ದು, ಆಯಿಲ್ ಮತ್ತೆ ಇಳಿಯತೊಡಗಿತು. ಹಾಕಿದ ಪಾರ್ಟುಗಳೆಲ್ಲ ಹೊಸವು, ಒಳ್ಳೆಯ ಕಂಪನಿಯವು. ತಪ್ಪಿದ್ದು ಒಂದಕ್ಕೊಂದು ಹೊಂದಿಸಿದ ಕ್ರಮದಲ್ಲಿ. ಎರಡನೇ ಸಲ ಎಂಜಿನ್ ಬಿಚ್ಚುವಷ್ಟರಲ್ಲಿ, ನಮ್ಮ ಕಡೆ ಗ್ಯಾರೇಜಿನ ಮುಂದೆ ಟೀ ಕುಡಿಯುತ್ತ ಆಡುವ ಎಷ್ಟೋ ಮಾತುಗಳು ಸುಳ್ಳು ಎಂದು ಗೊತ್ತಾಯಿತು. ಅವುಗಳಲ್ಲಿ ದುಬಾರಿಯಾದವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ತಪ್ಪು ಕಲ್ಪನೆ: ಸಿ.ಸಿ. ಒಂದೇ ಆದರೆ ಪಾರ್ಟೂ ಒಂದೇ.

ವಾಸ್ತವ: ಸಿ.ಸಿ. ಎಂದರೆ ಸಿಲಿಂಡರ್‌ಗಳಲ್ಲಿ ಹಿಡಿಯುವ ಜಾಗದ ಲೆಕ್ಕ, ಅಷ್ಟೇ. ಹಳೆ ಮಾರುತಿ 800ರದ್ದೂ 796 ಸಿ.ಸಿ., ಮೊದಲ ಆಲ್ಟೋದ್ದೂ 796 ಸಿ.ಸಿ. ಬೋರ್ 68.5 ಮಿ.ಮೀ., ಸ್ಟ್ರೋಕ್ 72 ಮಿ.ಮೀ., ಮೂರು ಸಿಲಿಂಡರ್: ಇದೂ ಎರಡರಲ್ಲೂ ಒಂದೇ. ಆದರೆ 800ರ ಎಫ್8ಬಿ ಎಂಜಿನ್‌ನಲ್ಲಿ ಸಿಲಿಂಡರಿಗೆ ಎರಡು ವಾಲ್ವ್, ಆಲ್ಟೋದ ಎಫ್8ಡಿಯಲ್ಲಿ ನಾಲ್ಕು. ಹೆಡ್ ಬೇರೆ, ಕ್ಯಾಮ್ ಬೇರೆ, ವಾಲ್ವ್‌ಗೆ ಜಾಗ ಬಿಡಲು ಪಿಸ್ಟನ್ ತಲೆಯಲ್ಲಿ ಮಾಡುವ ತಗ್ಗು ಬೇರೆ. ಇನ್ನೂ ಗೋಜಲೆಂದರೆ 800ರಲ್ಲೇ ಹನ್ನೆರಡು ವಾಲ್ವಿನ, ಐದು ಗೇರಿನ ಒಂದು ಮಾದರಿ ಬಂದಿತ್ತು. ಹಾಗಾಗಿ ಅಂಗಡಿಯಲ್ಲಿ “800 ಪಿಸ್ಟನ್ ಕೊಡಿ” ಎಂದರೆ ಅದು ಅರ್ಧ ಮಾತು. ಯಾವ ವರ್ಷದ್ದು, ಕಾರ್ಬ್ಯುರೇಟರೋ ಎಂಪಿಎಫ್‌ಐಯೋ, ಎಷ್ಟು ವಾಲ್ವ್ ಎಂಬುದನ್ನೂ ಹೇಳಬೇಕು. ಹಳೆ ಪಿಸ್ಟನ್ ಒಂದನ್ನು ಬಟ್ಟೆಯಲ್ಲಿ ಸುತ್ತಿ ಜೊತೆಗೆ ಒಯ್ದರೆ ಇನ್ನೂ ಒಳ್ಳೆಯದು.

ಜೀಪಿನವರಿಗೆ ಇದಕ್ಕಿಂತ ದೊಡ್ಡ ಗುಂಡಿ ಕಾದಿದೆ. ಮಹೀಂದ್ರ ಜೀಪಿನ ಎರಡು ಡೀಸೆಲ್ ಎಂಜಿನ್‌ಗಳನ್ನು ನಮ್ಮಲ್ಲಿ “ಎರಡೂವರೆ ಸಾವಿರ” ಎಂದೇ ಕರೆಯುತ್ತಾರೆ. ಒಂದು ಪ್ಯೂಜೋ ಮೂಲದ ಎಕ್ಸ್‌ಡಿ3ಪಿ, 2498 ಸಿ.ಸಿ., ಬೋರ್ 94, ಸ್ಟ್ರೋಕ್ 90 ಮಿ.ಮೀ. ಇನ್ನೊಂದು ಎಂಡಿಐ, 2523 ಸಿ.ಸಿ., ಬೋರ್ 88.9, ಸ್ಟ್ರೋಕ್ 101.6 ಮಿ.ಮೀ. ಮೊದಲನೆಯದರಲ್ಲಿ ಡೀಸೆಲ್ ಹೆಡ್ಡಿನೊಳಗಿನ ಪುಟ್ಟ ಕೋಣೆಯಲ್ಲಿ ಹೊತ್ತಿಕೊಳ್ಳುತ್ತದೆ. ಎರಡನೆಯದರಲ್ಲಿ ನೇರವಾಗಿ ಪಿಸ್ಟನ್ ಮೇಲೇ ಬೀಳುತ್ತದೆ, ಅದಕ್ಕಾಗಿ ಪಿಸ್ಟನ್ ತಲೆಯಲ್ಲಿ ಬಟ್ಟಲಿನಂಥ ಕುಳಿ ಇರುತ್ತದೆ. ಬಾನೆಟ್ ಮೇಲಿನ ಹೆಸರು ಒಂದೇ ಆದರೂ ಒಳಗಿನ ಒಂದು ರಿಂಗು ಕೂಡ ಅತ್ತಿಂದಿತ್ತ ಹೊಂದುವುದಿಲ್ಲ.

ಅಂಬಾಸಿಡರ್ ಕಥೆಯೂ ಹಾಗೇ. 1489 ಸಿ.ಸಿ.ಯ ಹಳೆಯ ಬಿಎಂಸಿ ಎಂಜಿನ್ ಇಂಚಿನ ಲೆಕ್ಕದ್ದು, ಬೋಲ್ಟಿನ ಮರೆ ಕೂಡ ಇಂಚಿನದು. 1990ರ ದಶಕದಲ್ಲಿ ಬಂದ 1817 ಸಿ.ಸಿ.ಯ ಇಸುಜು ಪೂರ್ತಿ ಮಿಲಿಮೀಟರ್. ಒಂದರ ಬೋಲ್ಟನ್ನು ಇನ್ನೊಂದಕ್ಕೆ ತಿರುಗಿಸಿದರೆ ಎರಡು ಸುತ್ತು ಹೋಗುತ್ತದೆ, ಮೂರನೆಯ ಸುತ್ತಿಗೆ ಮರೆ ಹಾಳು.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ಓಮ್ನಿ ಮತ್ತು 800 ನೋಡಲು ಅಜಗಜಾಂತರ. 800ರ ಎಂಜಿನ್ ಅಡ್ಡ ಕೂತು ಮುಂದಿನ ಚಕ್ರ ಎಳೆದರೆ, ಓಮ್ನಿಯದ್ದು ಸೀಟಿನ ಕೆಳಗೆ ಉದ್ದಕ್ಕೆ ಮಲಗಿ ಹಿಂದಿನ ಚಕ್ರ ತಳ್ಳುತ್ತದೆ. ಆದರೂ ಕಾರ್ಬ್ಯುರೇಟರ್ ಕಾಲದ ಎರಡರಲ್ಲೂ ಇರುವುದು ಅದೇ ಎಫ್8ಬಿ. ಒಳಗಿನ ಬಹುಪಾಲು ಪಾರ್ಟು ಕೂಡಿಬರುತ್ತವೆ. ಹೊರಗಿನ ಸಂಪು, ಮೌಂಟಿಂಗ್, ಮ್ಯಾನಿಫೋಲ್ಡ್ ಮಾತ್ರ ಕಣ್ಣಾರೆ ನೋಡಿಯೇ ತರಬೇಕು.

ತಪ್ಪು ಕಲ್ಪನೆ: ಮೊದಲು ಬೋರ್ ಮಾಡಿಸಿಬಿಡಿ, ಆಮೇಲೆ ಆ ಸೈಜಿನ ಪಿಸ್ಟನ್ ತಂದರಾಯಿತು.

ವಾಸ್ತವ: ನನ್ನ ಎಂಜಿನ್ ಕೆಟ್ಟದ್ದೇ ಇದರಿಂದ. ಮೊದಲ ಸಲ ಬ್ಲಾಕನ್ನು 0.25 ಓವರ್‌ಸೈಜಿಗೆ ಬೋರ್ ಮಾಡಿಸಿ, ಎರಡು ದಿನ ಬಿಟ್ಟು 0.25ರ ಪಿಸ್ಟನ್ ತಂದು ಹಾಕಿದ್ದೆವು. ಎರಡನೇ ಸಲ 0.50ಕ್ಕೆ ಹೋಗಲೇಬೇಕಾಯಿತು. ಬ್ಲಾಕ್ ಹೊತ್ತು ತರೀಕೆರೆಯ ಒಂದು ಲೇತ್ ಅಂಗಡಿಗೆ ಹೋದೆ. ಅಲ್ಲಿದ್ದ ಹಿರಿಯರು ಬ್ಲಾಕಿನ ಕಡೆ ನೋಡಲೇ ಇಲ್ಲ.

“ಪಿಸ್ಟನ್ ಎಲ್ಲಿ ಸಾರ್?” ಅಂದರು.

“ನೀವು ಬೋರ್ ಮಾಡಿಡಿ, ನಾಳೆ ಶಿವಮೊಗ್ಗದಿಂದ ತರ್ತೀನಿ” ಅಂದೆ.

“ಕಾಲು ನೋಡ್ದೆ ಚಪ್ಲಿ ಹೊಲಿಯೋಕಾಗುತ್ತಾ? ಪಿಸ್ಟನ್ ತಂದು ಕೊಡಿ, ಆಮೇಲೆ ಬ್ಲಾಕ್ ಮುಟ್ತೀನಿ.”

ಮರುದಿನ ಪಿಸ್ಟನ್ ಡಬ್ಬ ಬಿಚ್ಚಿ ಅವರ ಮುಂದಿಟ್ಟೆ. ಮೂರನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಮೈಕ್ರೋಮೀಟರ್ ಕೈಗೆತ್ತಿಕೊಂಡರು. ಪಿಸ್ಟನ್ ತಲೆಯ ಹತ್ತಿರ ಅಳೆಯಲಿಲ್ಲ. ಕೆಳಗಿನ ಲಂಗದಂಥ ಭಾಗದಲ್ಲಿ, ಪಿನ್ ಕೂರುವ ದಿಕ್ಕಿಗೆ ಅಡ್ಡಲಾಗಿ ಹಿಡಿದು ಅಳೆದರು. ಪಿಸ್ಟನ್ ಪೂರ್ತಿ ದುಂಡಗಿರುವುದಿಲ್ಲ. ಬಿಸಿಯಾದಾಗ ದುಂಡಗಾಗಲೆಂದು ತಣ್ಣಗಿರುವಾಗ ತುಸು ಮೊಟ್ಟೆಯಾಕಾರಕ್ಕೆ, ಮೇಲೆ ಸಣ್ಣ ಕೆಳಗೆ ದಪ್ಪ ಬರುವಂತೆ ಮಾಡಿರುತ್ತಾರೆ. ಎಲ್ಲಿ ಬೇಕೆಂದರಲ್ಲಿ ಹಿಡಿದರೆ ಸಿಗುವುದು ತಪ್ಪು ಅಳತೆ. ಮೂರರಲ್ಲಿ ಒಂದು ಉಳಿದೆರಡಕ್ಕಿಂತ 0.01 ಮಿ.ಮೀ. ಸಣ್ಣದಿತ್ತು. ಮಾರ್ಕರ್ ಪೆನ್ನಿನಲ್ಲಿ ಅವುಗಳ ತಲೆ ಮೇಲೆ 1, 2, 3 ಎಂದು ಬರೆದು, ಯಾವ ಸಿಲಿಂಡರಿಗೆ ಯಾವುದು ಎಂದು ಅಲ್ಲೇ ನಿಗದಿ ಮಾಡಿದರು. ಒಂದೊಂದು ಸಿಲಿಂಡರನ್ನೂ ಅದರದರ ಪಿಸ್ಟನ್ನಿಗೇ ತಕ್ಕಂತೆ, ಕೊನೆಯ ಚೂರನ್ನು ಹೋನಿಂಗಿಗೆ ಉಳಿಸಿ ಬೋರ್ ಮಾಡಿದರು.

0.01 ಮಿ.ಮೀ.ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ ಎಂದು ಕೇಳಬಹುದು. ಇಂಥ ಸಣ್ಣ ಎಂಜಿನ್‌ನಲ್ಲಿ ಪಿಸ್ಟನ್ನಿಗೂ ಸಿಲಿಂಡರ್ ಗೋಡೆಗೂ ನಡುವೆ ಬಿಡುವ ಸಂದು ಸುಮಾರು 0.04 ಮಿ.ಮೀ. ತಲೆಕೂದಲಿಗಿಂತ ತೆಳು. ಬೇರೆ ಬೇರೆ ಕಂಪನಿಯ “0.50” ಪಿಸ್ಟನ್‌ಗಳು ಒಂದಕ್ಕೊಂದು 0.01, 0.02ರಷ್ಟು ಬೇರೆಯಾಗಿರುವುದುಂಟು. ಅಷ್ಟಾದರೆ ಸಂದು ಅರ್ಧಕ್ಕಿಳಿಯುತ್ತದೆ, ಇಲ್ಲವೇ ಒಂದೂವರೆ ಪಟ್ಟಾಗುತ್ತದೆ. ಬಿಗಿಯಾದರೆ ಕೆಮ್ಮಣ್ಣುಗುಂಡಿ ಏರಿನಲ್ಲಿ ಜಾಮ್, ಸಡಿಲವಾದರೆ ನನ್ನ ಗಾಡಿಯ ಹಾಗೆ ಬೆಳಗಿನ ಟಕಟಕ.

ಬೋರ್ ಮಾಡಿಸಿದರೆ ಎಂಜಿನ್ ದೊಡ್ಡದಾಗಿ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ ಎಂಬ ಹೆದರಿಕೆಯೂ ಇದೆ. 0.50 ಓವರ್‌ಸೈಜಿನಲ್ಲಿ 796 ಸಿ.ಸಿ. ಹೋಗಿ ಸುಮಾರು 808 ಸಿ.ಸಿ. ಆಗುತ್ತದೆ. ಮೈಲೇಜ್ ಇಳಿದಿದ್ದರೆ ಕಾರಣ ಬೇರೆ ಕಡೆ ಹುಡುಕಬೇಕು.

ಇನ್ನೊಂದು ಮಾತು. ಪಿಸ್ಟನ್‌ಗಳನ್ನು ಅವರು ಪಕ್ಕದ ಚಿನ್ನದ ಅಂಗಡಿಗೆ ಕಳಿಸಿ ತೂಗಿಸಿದರು. ಮೂರೂ ಹೆಚ್ಚುಕಮ್ಮಿ ಒಂದೇ ತೂಕ ಇರಬೇಕು. ಒಂದು ಸೆಟ್ಟಿನಿಂದ ಎರಡು, ಇನ್ನೊಂದರಿಂದ ಒಂದು ತಂದು ಹಾಕಿದರೆ ಎಂಜಿನ್ ನಡುಗುವುದು ತಪ್ಪುವುದಿಲ್ಲ. ಚಿನ್ನ ತೂಗುವ ತಕ್ಕಡಿಯಲ್ಲಿ ಕಪ್ಪು ಕೈಗಳು ಪಿಸ್ಟನ್ ಇಟ್ಟು ಗ್ರಾಮಿನ ಲೆಕ್ಕ ನೋಡಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಕೆಲಸದ ಮೇಲಿನ ಗೌರವ ಅಂದರೆ ಅದು.

ತಪ್ಪು ಕಲ್ಪನೆ: “ಟೆನ್” ಅಂದರೂ ಒಂದೇ, “ಜೀರೋ ಟ್ವೆಂಟಿಫೈವ್” ಅಂದರೂ ಒಂದೇ.

ವಾಸ್ತವ: ಟೆನ್, ಟ್ವೆಂಟಿ, ಫಾರ್ಟಿ ಎನ್ನುವುದು ಇಂಚಿನ ಸಾವಿರದ ಪಾಲಿನ ಲೆಕ್ಕ. ಟೆನ್ ಎಂದರೆ 0.254 ಮಿ.ಮೀ., ಅಲ್ಲಿ ವ್ಯತ್ಯಾಸ ಸಣ್ಣದು. ಫಾರ್ಟಿಗೆ ಬರುವಷ್ಟರಲ್ಲಿ 1.016 ಮಿ.ಮೀ. ಅದನ್ನು “ಒಂದು ಮಿಲಿ” ಎಂದುಕೊಂಡು ಬೋರ್ ಮಾಡಿದರೆ 0.016ರಷ್ಟು ಬಿಗಿ. ಹಳೆ ಅಂಬಾಸಿಡರ್ ಕೆಲಸ ಮಾಡಿಸುವವರು ಲೇತಿನವರ ಹತ್ತಿರ ಬಾಯಿಮಾತಿನಲ್ಲಿ ಹೇಳದೆ ಚೀಟಿಯಲ್ಲಿ ಇಂಚೋ ಮಿಲಿಯೋ ಎಂದು ಬರೆದು ಕೊಡಬೇಕು.

ತಪ್ಪು ಕಲ್ಪನೆ: ಹೊಗೆ ಬಂದರೆ ರಿಂಗ್ ಬದಲಿಸಿದರೆ ಸಾಕು.

ವಾಸ್ತವ: ಸಿಲಿಂಡರ್ ಎಲ್ಲ ಕಡೆ ಸಮನಾಗಿ ಸವೆಯುವುದಿಲ್ಲ. ರಿಂಗ್ ತಿರುಗಿ ಇಳಿಯುವ ಮೇಲ್ತುದಿಯಲ್ಲಿ ಹೆಚ್ಚು, ಕೆಳಗೆ ಕಡಿಮೆ. ಹೊಸ ದುಂಡು ರಿಂಗನ್ನು ಅಂಥ ಓರೆ ಸಿಲಿಂಡರಿಗೆ ಹಾಕಿದರೆ ಒಂದು ಕಡೆ ತಾಗುತ್ತದೆ, ಇನ್ನೊಂದು ಕಡೆ ತಾಗುವುದಿಲ್ಲ. ರಿಂಗ್ ಹಾಕುವ ಮುನ್ನ ಅದನ್ನು ಸಿಲಿಂಡರೊಳಗೆ ಇಳಿಸಿ, ಬಾಯಿಯ ಸಂದಿಗೆ ಫೀಲರ್ ಗೇಜ್ ತೂರಿಸಿ, ಮೇಲೊಮ್ಮೆ ಕೆಳಗೊಮ್ಮೆ ನೋಡಬೇಕು. ಎರಡು ಕಡೆ ಬೇರೆ ಬೇರೆ ಬಂದರೆ ಬೋರ್ ಮಾಡದೆ ವಿಧಿಯಿಲ್ಲ. ಹೊಗೆ ಬೆಳಗಿನ ಮೊದಲ ಸ್ಟಾರ್ಟಿಗೆ ಮಾತ್ರ ಬಂದು ಆಮೇಲೆ ನಿಂತರೆ ರಿಂಗಿನ ಮೇಲೆ ಅನುಮಾನ ಪಡುವ ಮೊದಲು ವಾಲ್ವ್ ಸೀಲ್ ನೋಡಿಸಿ. ಕೆಲವೇ ರೂಪಾಯಿಯ ರಬ್ಬರಿಗಾಗಿ ಎಂಜಿನ್ ಬಿಚ್ಚಿಸಿಕೊಂಡವರಿದ್ದಾರೆ.

ತಪ್ಪು ಕಲ್ಪನೆ: ಪಿಸ್ಟನ್ 0.25 ಹಾಕಿದರೆ ಬೇರಿಂಗೂ 0.25.

ವಾಸ್ತವ: ಇವೆರಡಕ್ಕೂ ಸಂಬಂಧವೇ ಇಲ್ಲ. ಬೋರ್ ಮಾಡಿದರೆ ಸಿಲಿಂಡರ್ ದೊಡ್ಡದಾಗುತ್ತದೆ, ಪಿಸ್ಟನ್ ಓವರ್‌ಸೈಜ್. ಕ್ರ್ಯಾಂಕ್ ಗ್ರೈಂಡ್ ಮಾಡಿದರೆ ಅದು ಸಣ್ಣದಾಗುತ್ತದೆ, ಬೇರಿಂಗ್ ಅಂಡರ್‌ಸೈಜ್. ಕ್ರ್ಯಾಂಕಿನಲ್ಲೇ ಮೇನ್ ಒಂದು ಸೈಜು, ಬಿಗ್ ಎಂಡ್ ಇನ್ನೊಂದು ಸೈಜು ಇರಬಹುದು. ಹಿಂದೆ ಯಾರೋ ಒಮ್ಮೆ ಗ್ರೈಂಡ್ ಮಾಡಿಸಿದ್ದರೆ ನಿಮ್ಮದು ಈಗಾಗಲೇ ಸ್ಟ್ಯಾಂಡರ್ಡ್ ಅಲ್ಲ. ಹಳೆ ಬೇರಿಂಗಿನ ಬೆನ್ನು ತಿರುಗಿಸಿ ನೋಡಿದರೆ ಸೈಜು ಒತ್ತಿರುತ್ತದೆ, ಎಸೆಯುವ ಮೊದಲು ಓದಿ. ಸುಜುಕಿ ಎಂಜಿನ್‌ಗಳಲ್ಲಂತೂ ಸ್ಟ್ಯಾಂಡರ್ಡ್ ಮೇನ್ ಬೇರಿಂಗಿನಲ್ಲೇ ಬಣ್ಣದ ಗುರುತುಗಳಿವೆ. ಒಂದೊಂದು ಬಣ್ಣಕ್ಕೂ ದಪ್ಪ ತುಸು ಬೇರೆ. ಕನೆಕ್ಟಿಂಗ್ ರಾಡಿನ ಕ್ಯಾಪುಗಳನ್ನೂ ಅದಲುಬದಲು ಮಾಡುವಂತಿಲ್ಲ. ರಾಡಿಗೆ ಕ್ಯಾಪ್ ಕೂಡಿಸಿಯೇ ತೂತು ಕೊರೆದಿರುತ್ತಾರೆ. ಬಿಚ್ಚುವಾಗಲೇ ಚುಕ್ಕೆ ಹೊಡೆದು ಗುರುತು ಮಾಡಿಕೊಳ್ಳಬೇಕು.

ತಪ್ಪು ಕಲ್ಪನೆ: ಕ್ಯಾಮ್ ಹೊಸದು ಹಾಕಿದರೆ ಹಳೆ ಟ್ಯಾಪೆಟ್ ನಡೆಯುತ್ತದೆ.

ವಾಸ್ತವ: ಅಂಬಾಸಿಡರಿನ ಬಿಎಂಸಿಯಂಥ ಎಂಜಿನ್‌ನಲ್ಲಿ ನಡೆಯುವುದಿಲ್ಲ. ಟ್ಯಾಪೆಟ್ಟಿನ ತಳ ಹಳೆ ಕ್ಯಾಮಿನ ಜೊತೆ ತಿಕ್ಕಿ ಅದಕ್ಕೆ ತಕ್ಕಂತೆ ಸವೆದಿರುತ್ತದೆ. ಹೊಸ ಕ್ಯಾಮನ್ನು ಅದು ಸ್ವಲ್ಪ ದಿನದಲ್ಲೇ ತಿಂದುಹಾಕುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಬೇಕು.

ತಪ್ಪು ಕಲ್ಪನೆ: ಹೆಡ್ ಚೆನ್ನಾಗಿ ತಿಕ್ಕಿಸಿದರೆ ಪಿಕಪ್ ಬರುತ್ತದೆ.

ವಾಸ್ತವ: ಹೆಡ್ ತಿಕ್ಕಿಸುವುದು ಸೊಟ್ಟ ತೆಗೆಯಲು. ಉಕ್ಕಿನ ಪಟ್ಟಿ ಅಡ್ಡ ಇಟ್ಟು, ಕೆಳಗೆ 0.05 ಮಿ.ಮೀ. ಫೀಲರ್ ಹೋಗದಿದ್ದರೆ ಮುಟ್ಟುವ ಅಗತ್ಯವೇ ಇಲ್ಲ. ಬೇಕಿಲ್ಲದೆ ತೆಗೆದಷ್ಟೂ ಕಂಪ್ರೆಷನ್ ಏರಿ ಎಂಜಿನ್ ನಾಕ್ ಮಾಡುತ್ತದೆ. ಕ್ಯಾಮ್ ಹೆಡ್ಡಿನ ಮೇಲಿರುವ 800ರಂಥ ಎಂಜಿನ್‌ನಲ್ಲಿ ಹೆಡ್ ಕೆಳಗಿಳಿದರೆ ಕ್ಯಾಮ್ ಟೈಮಿಂಗೂ ಹಿಂದೆ ಬೀಳುತ್ತದೆ. ಹೆಡ್ ಗ್ಯಾಸ್ಕೆಟ್ ತರುವಾಗ ಅದರ ತೂತು ಬೋರಿಗಿಂತ ದೊಡ್ಡದಿದೆಯೇ ಎಂದು ಬ್ಲಾಕಿನ ಮೇಲಿಟ್ಟು ನೋಡಿ. ಗ್ಯಾಸ್ಕೆಟ್ಟಿನ ಅಂಚು ಸಿಲಿಂಡರೊಳಗೆ ಚಾಚಿದರೆ ಅದು ಕೆಂಡವಾಗಿ ಸುಟ್ಟುಹೋಗುತ್ತದೆ.

ತಪ್ಪು ಕಲ್ಪನೆ: ಸೀಲ್ ಇರುವ ಡಬ್ಬ ಅಂದರೆ ಸರಿಯಾದ ಪಾರ್ಟು, ಗುಜರಿ ಅಂದರೆ ಕಳಪೆ.

ವಾಸ್ತವ: ಡಬ್ಬದಲ್ಲಿರುವುದು ಅಸಲಿಯೇ ಆಗಿರಬಹುದು, ನಿಮ್ಮ ಎಂಜಿನ್ನಿನದಲ್ಲ. ಡಬ್ಬದೊಳಗೆ ಪಾರ್ಟು ಬದಲಾಗಿರುವುದೂ ಉಂಟು. ಇನ್ನೊಂದು ಕಡೆ, ಅಪಘಾತದಲ್ಲಿ ಮೂಲೆ ಸೇರಿದ ಗಾಡಿಯ, ಒಮ್ಮೆಯೂ ಗ್ರೈಂಡ್ ಆಗದ ಸ್ಟ್ಯಾಂಡರ್ಡ್ ಕ್ರ್ಯಾಂಕು ಗುಜರಿಯಲ್ಲಿ ಸಿಕ್ಕರೆ, ಅಳತೆಯಲ್ಲಿ ಸರಿ ಬಂದರೆ, ಬಿರುಕಿಲ್ಲದಿದ್ದರೆ, ಅದಕ್ಕಿಂತ ಒಳ್ಳೆಯದು ಇಲ್ಲ. ಕ್ರ್ಯಾಂಕು, ಹೆಡ್ಡು, ಬ್ಲಾಕು ಗುಜರಿಯಿಂದ ತರಬಹುದು. ರಿಂಗ್, ಬೇರಿಂಗ್, ಗ್ಯಾಸ್ಕೆಟ್, ಟೈಮಿಂಗ್ ಬೆಲ್ಟ್ ಮಾತ್ರ ಎಷ್ಟೇ ಚೆನ್ನಾಗಿ ಕಂಡರೂ ಹಳೆಯದು ಬೇಡ.

ಬ್ಲಾಕ್ ಬದಲಿಸುವವರು ಒಂದು ಮರೆಯಬಾರದು. ಎಂಜಿನ್ ನಂಬರ್ ಬ್ಲಾಕಿನ ಮೇಲಿರುತ್ತದೆ. ಅದು ಬದಲಾದರೆ ಆರ್‌.ಸಿ.ಯಲ್ಲೂ ಬದಲಾಗಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೆ ಸಂಬಂಧಿಸಿದ್ದು. ಚಿಕ್ಕಮಗಳೂರಿನ ಕೆ.ಎ. 18 ಇರಲಿ, ತರೀಕೆರೆಯ ಕೆ.ಎ. 66 ಇರಲಿ, ಹದಿನೈದು ವರ್ಷ ದಾಟಿದ ಗಾಡಿಯನ್ನು ನವೀಕರಣಕ್ಕೆ ಒಯ್ದಾಗ ಮೊದಲು ನೋಡುವುದು ಈ ನಂಬರನ್ನೇ. ಗುಜರಿಯವರಿಂದ ಹಳೆ ಗಾಡಿಯ ದಾಖಲೆ, ರಸೀದಿ ತೆಗೆದುಕೊಳ್ಳದೆ ಬ್ಲಾಕ್ ಮನೆಗೆ ತರಬೇಡಿ.

ತಪ್ಪು ಕಲ್ಪನೆ: ಗಾಡಿ ಯಾವ ಕಾಲದ್ದೋ ಆ ಕಾಲದ ಪಾರ್ಟೇ ಸರಿ.

ವಾಸ್ತವ: ಪಾರ್ಟು ಆ ಕಾಲದ್ದಾಗಬಹುದು, ಪೆಟ್ರೋಲ್ ಈ ಕಾಲದ್ದು. ಸೀಸ ಬೆರೆಸಿದ ಪೆಟ್ರೋಲ್ ದೇಶದಲ್ಲಿ 2000ದಲ್ಲಿ ನಿಂತಿತು. ಹಳೆ ಅಂಬಾಸಿಡರಿನ ಎರಕದ ಕಬ್ಬಿಣದ ಹೆಡ್ಡಿನಲ್ಲಿ ವಾಲ್ವ್ ಸೀಟನ್ನು ಹೆಡ್ಡಿನಲ್ಲೇ ಕಡೆದಿರುತ್ತಾರೆ. ಸೀಸವಿದ್ದಾಗ ಅದೇ ಆ ಸೀಟಿಗೆ ರಕ್ಷೆ. ಈಗ ವಾಲ್ವ್ ನಿಧಾನಕ್ಕೆ ಸೀಟಿನೊಳಗೆ ಇಳಿಯುತ್ತ ಹೋಗುತ್ತದೆ, ಟ್ಯಾಪೆಟ್ ಸಂದು ಮುಚ್ಚುತ್ತ ಬರುತ್ತದೆ. ಹೇಗೂ ಹೆಡ್ ಬಿಚ್ಚಿದ್ದೀರಿ, ಗಟ್ಟಿ ಲೋಹದ ಸೀಟ್ ಕೂರಿಸಿಬಿಡಿ.

ಶೇಕಡ 20 ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಈಗ ನಮ್ಮ ಬಂಕುಗಳಲ್ಲಿ ಸಿಗುವುದು ಅದೇ. ಹಳೆ ಬಗೆಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಂ, ಕಾರ್ಬ್ಯುರೇಟರ್ ವಾಷರುಗಳು ಇದರಲ್ಲಿ ಉಬ್ಬುತ್ತವೆ, ಬಿರಿಯುತ್ತವೆ. ಎಷ್ಟೋ ವರ್ಷದಿಂದ ಅಂಗಡಿಯ ಅಟ್ಟದಲ್ಲಿದ್ದ “ಹಳೆ ಅಸಲಿ” ಪೈಪನ್ನು ಹೆಮ್ಮೆಯಿಂದ ಹಾಕಿಸಿದರೆ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಇದು ಜೀವದ ಪ್ರಶ್ನೆ. ಎಥನಾಲ್ ತಡೆಯುವ ಪೈಪನ್ನೇ ಕೇಳಿ ತನ್ನಿ. ಎಥನಾಲ್ ಉರಿಯಲು ಗಾಳಿ ಕಡಿಮೆ ಸಾಕು, ಇಂಧನ ಹೆಚ್ಚು ಬೇಕು. ಹಾಗಾಗಿ ಹಳೆ ಜೆಟ್‌ನಲ್ಲಿ ಮಿಶ್ರಣ ತೆಳುವಾಗಿ ಎಂಜಿನ್ ಬಿಸಿ ಏರಬಹುದು. ಎಂಜಿನ್ ಕೆಲಸ ಮುಗಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಬಿಳಿಚಿಕೊಂಡಿದ್ದರೆ ಕಾರ್ಬ್ಯುರೇಟರನ್ನು ಮತ್ತೆ ಹೊಂದಿಸಬೇಕು.

ತಪ್ಪು ಕಲ್ಪನೆ: ಏರ್ ಫಿಲ್ಟರ್, ರೇಡಿಯೇಟರ್ ನೀರು ಎಂಜಿನ್ ಕೆಲಸಕ್ಕೆ ಸೇರಿದ್ದಲ್ಲ.

ವಾಸ್ತವ: ಬೇರೆ ಊರಿನಲ್ಲಿ ಹೇಗೋ, ನಮ್ಮ ಕಡೆ ಇವೇ ಮೊದಲು. ಯಗಟಿ, ಪಂಚನಹಳ್ಳಿ ಕಡೆಯ ಬೇಸಿಗೆಯ ದೂಳು ಫಿಲ್ಟರಿನ ಅಂಚಿನ ಸಣ್ಣ ಸಂದಿಯಲ್ಲಿ ನುಗ್ಗಿದರೆ, ಹೊಸ ರಿಂಗಿಗೆ ಉಪ್ಪುಕಾಗದ ತಿಕ್ಕಿದಂತೆ. ಫಿಲ್ಟರ್ ಕೊಳ್ಳುವಾಗ ಅದರ ರಬ್ಬರ್ ಅಂಚು ಡಬ್ಬಿಯಲ್ಲಿ ಸುತ್ತಲೂ ಕೂರುತ್ತದೆಯೇ ನೋಡಿ. ರಾಗಿ, ಹುರುಳಿ ಒಕ್ಕಣೆಗೆ ರಸ್ತೆಗೆ ಹಾಸುವ ಕಾಲದಲ್ಲಿ ಹೊಟ್ಟು ರೇಡಿಯೇಟರ್ ಜಾಲರಿಗೆ ಮೆತ್ತಿಕೊಂಡು ಎಂಜಿನ್ ಕುದಿಯುತ್ತದೆ. ಹೊಸ ಎಂಜಿನ್ ಆದರೂ ಕುದಿದರೆ ಹೆಡ್ ಸೊಟ್ಟಗಾಗುವುದು ಖಂಡಿತ. ಕಡೂರು ಸೀಮೆಯ ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ಸುರಿಯುವ ಅಭ್ಯಾಸವನ್ನಂತೂ ಬಿಡಲೇಬೇಕು. ಸ್ನಾನದ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಚಕ್ಕೆ ಹೆಡ್ಡಿನ ನೀರಿನ ದಾರಿಯಲ್ಲೂ ಕಟ್ಟುತ್ತದೆ. ಶುದ್ಧ ನೀರಿಗೆ ಕೂಲೆಂಟ್ ಬೆರೆಸಿ ಹಾಕಿ.

ಎರಡನೇ ಸಲ ಎಂಜಿನ್ ಕಟ್ಟಿದ ದಿನ ಆ ಲೇತ್ ಅಂಗಡಿಯ ಹಿರಿಯರು ಒಂದು ಬಿಳಿ ಚೀಟಿ ಕೊಟ್ಟರು. ಬೋರ್ 0.50, ಮೂರು ಪಿಸ್ಟನ್ನಿನ ಮೂರು ಅಳತೆ, ಮೇನ್ 0.25, ಬಿಗ್ ಎಂಡ್ 0.25, ಹೆಡ್ ತಿಕ್ಕಿಲ್ಲ, ತಾರೀಖು. ಅದಕ್ಕೆ ಪ್ಲಾಸ್ಟಿಕ್ ಹಾಕಿಸಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಆರ್‌.ಸಿ. ಜೊತೆ ಇಟ್ಟಿದ್ದೇನೆ. ಮೊದಲ ಸಲ ಕೆಲಸ ಮಾಡಿಸಿದಾಗ ಇಂಥ ಚೀಟಿ ಇರಲಿಲ್ಲ, ಅದಕ್ಕೂ ಹಿಂದಿನದರದ್ದಂತೂ ಗೊತ್ತೇ ಇಲ್ಲ. ನಿಮ್ಮ ಗಾಡಿಯ ಎಂಜಿನ್ ಯಾವಾಗ ಬಿಚ್ಚಿಸಿದರೂ ಕೂಲಿ ಕೊಡುವ ಮೊದಲು ಇಂಥದೊಂದು ಚೀಟಿ ಕೇಳಿ ಪಡೆಯಿರಿ. ಮುಂದಿನ ಸಲ ಅದೇ ಗಾಡಿಯನ್ನು ಬಿಚ್ಚುವ ಮೆಕ್ಯಾನಿಕ್‌ಗೂ, ನಾಳೆ ನಿಮ್ಮಿಂದ ಆ ಗಾಡಿ ಕೊಳ್ಳುವವರಿಗೂ ಅದು ಬೇಕಾಗುತ್ತದೆ.